ಖೀಚನ್‌ನ ಕುರ್ಜಾಗಳು: ಒಂದು ಊರಿನ ಜೀವದಯೆ

ರಾಜಸ್ಥಾನದ ಥಾರ್ ಮರುಭೂಮಿಯ ಅಂಚಿನಲ್ಲಿ, ಫಲೋದಿ ಪಟ್ಟಣದ ಸಮೀಪ ಖೀಚನ್ ಎಂಬ ಹಳ್ಳಿಯಿದೆ. ಓಸವಾಲ್ ಜೈನ ವರ್ತಕರ ಹಳೆಯ ಹವೇಲಿಗಳಿರುವ ಈ ಊರು ಇಂದು ಹೆಸರಾಗಿರುವುದು ವಲಸೆ ಹಕ್ಕಿಗಳಿಂದ. ಪ್ರತಿವರ್ಷ ಚಳಿಗಾಲದಲ್ಲಿ ಸಾವಿರಾರು ಡೆಮಾಯ್ಸಲ್ ಕ್ರೇನ್‌ಗಳು ಇಲ್ಲಿಗೆ ಬರುತ್ತವೆ. ಸ್ಥಳೀಯರು ಅವನ್ನು ಕುರ್ಜಾ ಎಂದು ಕರೆಯುತ್ತಾರೆ.

ಹಕ್ಕಿಯ ಪರಿಚಯ

ಜಗತ್ತಿನ 15 ಕ್ರೇನ್ ಪ್ರಭೇದಗಳಲ್ಲಿ ಇದೇ ಅತಿ ಚಿಕ್ಕದು. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿ ಗರಿಗಳ ಕುಚ್ಚು ಇದರ ಗುರುತು. ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಈ ಹಕ್ಕಿಗಳಲ್ಲಿ ಹಲವು ಹಿಮಾಲಯವನ್ನೇ ದಾಟಿ ಭಾರತಕ್ಕೆ ಬರುತ್ತವೆ. ಸೆಪ್ಟೆಂಬರ್ ವೇಳೆಗೆ ಬಂದವು ಮಾರ್ಚ್ ವೇಳೆಗೆ ಮರಳುತ್ತವೆ.

ಪಾರಿವಾಳದ ಕಾಳಿನಿಂದ ಆರಂಭ

1970ರ ದಶಕದಲ್ಲಿ ಖೀಚನ್‌ನ ರತನಲಾಲ್ ಮಾಲೂ ಅವರು ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ಚಳಿಗಾಲದಲ್ಲಿ ಕೆಲವು ಕುರ್ಜಾಗಳೂ ಬಂದು ಸೇರಿಕೊಂಡವು. ಅವರು ಅವಕ್ಕೂ ಕಾಳು ಹಾಕಿದರು. ಮರುವರ್ಷಗಳಲ್ಲಿ ಹಕ್ಕಿಗಳು ಹೆಚ್ಚುತ್ತ ಹೋದವು, ಊರೂ ಕೈಜೋಡಿಸಿತು. ನಾಯಿಗಳ ಕಾಟ ತಪ್ಪಿಸಲು ಊರಂಚಿನಲ್ಲಿ ಬೇಲಿ ಹಾಕಿದ 'ಚುಗ್ಗಾಘರ್' ನಿರ್ಮಾಣವಾಯಿತು. ಚಳಿಗಾಲದುದ್ದಕ್ಕೂ ಅಲ್ಲಿ ಜೋಳ ಹರಡಲಾಗುತ್ತದೆ. ವ್ಯಾಪಾರಕ್ಕಾಗಿ ದೂರದ ನಗರಗಳಲ್ಲಿ ನೆಲೆಸಿದ ಕುಟುಂಬಗಳೂ ಇದಕ್ಕೆ ದಾನ ಕಳುಹಿಸುತ್ತವೆ. ಕಾಳು ತಿಂದ ಹಕ್ಕಿಗಳು ಊರಿನ ಕೆರೆಗಳಿಗೆ ಹೋಗಿ ನೀರು ಕುಡಿದು ವಿಶ್ರಮಿಸುತ್ತವೆ. 2025ರ ಜೂನ್‌ನಲ್ಲಿ ಖೀಚನ್ ಜೌಗುಪ್ರದೇಶಕ್ಕೆ ಅಂತಾರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ದೊರೆಯಿತು.

ಕಾಳು ಹಾಕಿದರೆ ಸಾಕೆ?

ಹಕ್ಕಿಗಳು ಒಂದೇ ಕಡೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರಿದಾಗ ಅಪಾಯಗಳೂ ಸೇರಿಕೊಳ್ಳುತ್ತವೆ. ಹಾರುವ ದಾರಿಯಲ್ಲಿರುವ ವಿದ್ಯುತ್ ತಂತಿಗಳಿಗೆ ಬಡಿದು ಕುರ್ಜಾಗಳು ಸಾಯುತ್ತವೆ. ಬೀದಿನಾಯಿಗಳು ದುರ್ಬಲ ಹಕ್ಕಿಗಳನ್ನು ಹಿಡಿಯುತ್ತವೆ. ಒತ್ತಾಗಿ ನಿಲ್ಲುವ ಹಿಂಡಿನಲ್ಲಿ ರೋಗ ಬೇಗ ಹರಡುತ್ತದೆ. 2021ರ ನವೆಂಬರ್‌ನಲ್ಲಿ ಜೋಧಪುರದ ಬಳಿ ಹಕ್ಕಿಜ್ವರಕ್ಕೆ ಅನೇಕ ಕುರ್ಜಾಗಳು ಬಲಿಯಾದವು.

ನಮ್ಮ ಪರಂಪರೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ಖೀಚನ್ ಆಹಾರದಾನದಿಂದ ಆರಂಭಿಸಿತು. ಗಾಯಗೊಂಡ ಹಕ್ಕಿಗೆ ಚಿಕಿತ್ಸೆ ಕೊಡಿಸುವುದು ಔಷಧದಾನ. ತಂತಿಗಳನ್ನು ನೆಲದಡಿಗೆ ಇಳಿಸುವುದು, ಕೆರೆಯಂಗಳವನ್ನು ಒತ್ತುವರಿಯಿಂದ ಉಳಿಸುವುದು ಅಭಯದಾನ. ಜೋಳದ ಚೀಲಕ್ಕೆ ದಾನಿಗಳು ಬೇಗ ಸಿಗುತ್ತಾರೆ, ಉಳಿದ ಕೆಲಸಗಳಿಗೆ ಹಣದ ಜೊತೆಗೆ ಇಲಾಖೆಗಳ ಬೆನ್ನುಹತ್ತುವ ತಾಳ್ಮೆಯೂ ಬೇಕು.

ಕರ್ನಾಟಕದಲ್ಲಿ

ಕಾಳು ಹಾಕದೆಯೂ ಹಕ್ಕಿಯನ್ನು ಕಾಯಬಹುದು ಎಂಬುದಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆ ಸಾಕ್ಷಿ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಈ ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬೆಳೆಗೆ ಬಾಯಿ ಹಾಕುವ ಹಕ್ಕಿಯನ್ನೂ ಗ್ರಾಮಸ್ಥರು ಬೇಟೆಯಾಡದೆ ಸಹಿಸಿಕೊಂಡಿದ್ದಾರೆ. 2024ರ ಜನವರಿಯಲ್ಲಿ ಈ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿತು.

ಹಕ್ಕಿಗಳಿಗಾಗಿ ದಾನ ಮಾಡಬಯಸುವ ಕುಟುಂಬಗಳು, ಸಂಘಗಳು ಮೊದಲು ತಮ್ಮೂರ ಕೆರೆಯನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ವಲಸೆ ಹಕ್ಕಿಗಳು ಬರುತ್ತಿದ್ದರೆ ಅಲ್ಲಿ ಹೊಸದಾಗಿ ಕಾಳು ಹಾಕುವ ಅಗತ್ಯವಿಲ್ಲ. ನೀರು ಶುದ್ಧವಾಗಿರುವಂತೆ, ನಾಯಿಗಳು ನುಗ್ಗದಂತೆ, ಯಾರೂ ಬಲೆ ಹಾಕದಂತೆ ನೋಡಿಕೊಂಡರೆ ಅದೇ ದೊಡ್ಡ ದಾನ.