ಗಡಿಗಳ ನಡುವೆ ಲಮಾಣಿ ಸೂಜಿ: ಚಿಂಚೋಳಿ ಸೀಮೆಯ ತಾಂಡಾ ಮಹಿಳೆಯರ ಕಸೂತಿ ಮತ್ತು ದುಡಿಮೆಯ ಚರಿತ್ರೆ

ಲಂಬಾಣಿ ಕಸೂತಿಯ ಬಗೆಗಿನ ಬರಹಗಳು ಸಾಮಾನ್ಯವಾಗಿ ಅದರ ಬಣ್ಣ, ಕನ್ನಡಿ, ಕವಡಿಗಳನ್ನು ಕೊಂಡಾಡುತ್ತವೆ. ಇದರಿಂದ ಮಹಿಳೆಯರು ಸಬಲರಾಗುತ್ತಾರೆ ಎಂಬ ಆಶಯದೊಂದಿಗೆ ಮುಗಿಯುತ್ತವೆ. ಆದರೆ ಈ ಕೈಗೆಲಸ ದುಡ್ಡು ತರುವ ಕೆಲಸವಾದದ್ದು ತೀರ ಈಚೆಗೆ, ಅದೂ ಕೆಲವೇ ಕಡೆ. ಲಂಬಾಣಿಗಳ ನೆಲೆಗಳಾದ ತಾಂಡಾಗಳು ದಟ್ಟವಾಗಿರುವ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯನ್ನು ಮುಂದಿಟ್ಟುಕೊಂಡು ಈ ಬದಲಾವಣೆಯ ಕಾರಣಗಳನ್ನು ಇಲ್ಲಿ ಹುಡುಕಲಾಗಿದೆ. ಅಲೆದು ಬದುಕಿದ ಸಮುದಾಯವೊಂದರ ಹೆಂಗಸರ ದುಡಿಮೆಗೆ ಬೆಲೆ ಕಟ್ಟಿದ್ದು ಅವರ ಕೈಚಳಕಕ್ಕಿಂತ ಹೆಚ್ಚಾಗಿ ಬೇರೆಯವರು ಎಳೆದ ಗಡಿರೇಖೆಗಳು ಎಂಬುದು ಈ ಲೇಖನದ ವಾದ.

ಹೇರೆತ್ತು ಹೋಗಿ ರೈಲು ಬಂತು

ಲಮಾಣಿಗಳು, ಅಂದರೆ ಲಂಬಾಣಿಗಳು, ಶತಮಾನಗಳ ಕಾಲ ದಖ್ಖನ್ನಿನ ಸಾಗಾಟಗಾರರು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ತರುತ್ತಿದ್ದರು. ಮೊಗಲರ, ನಿಜಾಮರ ದಂಡುಗಳಿಗೆ ಕಾಳುಕಡಿ ಒದಗಿಸುತ್ತಿದ್ದರು. ಈ ವೃತ್ತಿಗೆ ಪೆಟ್ಟು ಕೊಟ್ಟ ರೇಖೆಗಳಲ್ಲೊಂದು ಇದೇ ಸೀಮೆಯಲ್ಲಿ ಹಾದುಹೋಯಿತು. 1871ರ ಹೊತ್ತಿಗೆ ಸೊಲ್ಲಾಪುರದಿಂದ ಕಲಬುರಗಿ, ವಾಡಿ ಮೂಲಕ ರಾಯಚೂರಿಗೆ ರೈಲು ಬಂತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಹತ್ತಾರು ಹೇರೆತ್ತುಗಳ ಹೊರೆಯನ್ನು ಒಂದೇ ಡಬ್ಬಿ ಒಯ್ಯತೊಡಗಿದ ಮೇಲೆ ತಾಂಡಾಗಳಿಗೆ ದಾರಿಯೇ ಇಲ್ಲದಂತಾಯಿತು. ನಿಜಾಮರ ಆಳ್ವಿಕೆಯ ಲಂಬಾಣಿಗಳ ಚರಿತ್ರೆ ಬರೆದ ಭಂಗ್ಯಾ ಭೂಕ್ಯಾ ಅವರು 2010ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಈ ಜನ ವ್ಯಾಪಾರ ಬಿಟ್ಟು ದನ ಸಾಕುವ, ಕಾಡಂಚಿನ ನೆಲ ಉಳುವ, ಕೂಲಿ ಮಾಡುವ ಸ್ಥಿತಿಗೆ ಬಂದ ಬಗೆಯನ್ನು ವಿವರಿಸಿದ್ದಾರೆ. ಅಲೆಮಾರಿಗಳೆಂದರೆ ಅಪರಾಧಿಗಳೆಂಬ ವಸಾಹತು ಕಾಲದ ಕಾನೂನಿನ ಗುಮಾನಿಯೂ ಅವರ ಬೆನ್ನಿಗೆ ಬಿತ್ತು. ಚಿಂಚೋಳಿಯ ಕುಂಚಾವರಂ ಭಾಗದ ಕಾಡುಮೇಡಿನಲ್ಲಿ ಇವತ್ತು ಕಾಣುವ ತಾಂಡಾಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಮಾರಲಿಕ್ಕಲ್ಲದ ಹೊಲಿಗೆ

ಸಾಗಾಟದ ಕಾಲದಲ್ಲಿ ಕಸೂತಿ ಸರಕಾಗಿರಲಿಲ್ಲ. ಹೆಂಗಸು ತಾನು ಉಡುವ ಫೇಟಿಯಾ, ತೊಡುವ ಕಾಂಚಳಿ, ತಲೆಯ ಮೇಲೆ ಹೊದೆಯುವ ಛಾಂಟಿಯಾ, ಕೊಡ ಹೊರುವಾಗ ಬೇಕಾದ ಗಣೋ, ಮದುವೆಗೆ ಬೇಕಾದ ಚೀಲ ಇವನ್ನಷ್ಟೇ ಹೊಲಿದುಕೊಳ್ಳುತ್ತಿದ್ದಳು. ಕಲಿಸುವವಳು ತಾಯಿ ಅಥವಾ ಅಜ್ಜಿ. ಕವಡಿ, ನಾಣ್ಯ, ಗಾಜುಗಳು ಗಂಡಸರ ವ್ಯಾಪಾರದ ದಾರಿಯಲ್ಲೇ ಸಿಗುತ್ತಿದ್ದವು. ವ್ಯಾಪಾರ ನಿಂತ ಮೇಲೆ ಈ ಸಾಮಾನನ್ನೂ ಸಂತೆಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬುದಕ್ಕೆ ಒಂದು ಕನ್ನಡಿ ಬಿಲ್ಲೆ ಸಾಕು. ಬಿಲ್ಲೆಗೆ ತೂತಿರುವುದಿಲ್ಲ. ಮೊದಲು ಅದನ್ನು ಬಟ್ಟೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೇಲೆ ಅಡ್ಡಲಾಗಿ ಎರಡು, ಉದ್ದಕ್ಕೆ ಎರಡು ಎಳೆ ಹಾಯಿಸಿ ಚೌಕಟ್ಟು ಕಟ್ಟಬೇಕು. ಆಮೇಲೆ ಆ ಎಳೆಗಳನ್ನು ಸೂಜಿಯಿಂದ ಅಂಚಿಗೆ ಎಳೆದು, ಸುತ್ತಲೂ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ಬರಬೇಕು. ಎಳೆ ಸಡಿಲಾದರೆ ಬಿಲ್ಲೆ ಉದುರುತ್ತದೆ, ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಒಂದು ಕಾಂಚಳಿಯಲ್ಲಿ ಇಂಥ ಹತ್ತಾರು ಬಿಲ್ಲೆಗಳು. ಇದರ ಜೊತೆಗೆ ಕಿಲನ್, ವೇಲೆ, ಮಕಿ, ರೇಲೋ, ನಕ್ರಾ ಮುಂತಾದ ಹೊಲಿಗೆಗಳು. ತನಗಾಗಿ ಹೊಲಿಯುವವಳು ಈ ಹೊತ್ತನ್ನು ಲೆಕ್ಕ ಹಾಕುವುದಿಲ್ಲ. ಮಾರಲು ಹೊಲಿಯುವವಳು ಹಾಕಲೇಬೇಕು.

ಸಂಡೂರಿನ ದಾರಿ

ಕಸೂತಿಯನ್ನು ಕೂಲಿಯ ಕೆಲಸವಾಗಿಸಿದ್ದರಲ್ಲಿ ಹೆಸರಾದದ್ದು ಬಳ್ಳಾರಿ ಸೀಮೆಯ ಸಂಡೂರು. 1980ರ ದಶಕದಲ್ಲಿ ಅಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಲಂಬಾಣಿ ಹೆಂಗಸರ ಹೊಲಿಗೆಯನ್ನು ಚೀಲ, ದಿಂಬಿನ ಹೊದಿಕೆ, ಕುರ್ತಾಗಳಿಗೆ ಒಗ್ಗಿಸಿತು. ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದೇ 1980ರ ದಶಕದಲ್ಲಿ ಜೋರ್ಡಾನಿನ ಬನಿ ಹಮೀದಾ ಬೆದೂಯಿನ್ ಹೆಂಗಸರು ನೆಲಮಗ್ಗದಲ್ಲಿ ನೇಯ್ದ ಕಂಬಳಿಗಳಿಗೂ ಇಂಥದೇ ತಿರುವು ಬಂತು. ತಮ್ಮ ಡೇರೆಗಳಿಗಾಗಿ ನೇಯುತ್ತಿದ್ದವರು 1985ರಲ್ಲಿ ಶುರುವಾದ ಯೋಜನೆಯ ಮೂಲಕ ಪೇಟೆಗೆ ನೇಯತೊಡಗಿದರು. ಎರಡೂ ಕಡೆ ಒಂದು ಸಂಸ್ಥೆ ನಿಂತು ಸಾಮಾನು ಒದಗಿಸಿತು, ಗಿರಾಕಿಯನ್ನು ಹುಡುಕಿತು. ಕೈಚಳಕವೊಂದೇ ಎಲ್ಲಿಯೂ ಹೊಟ್ಟೆ ತುಂಬಿಸಿಲ್ಲ.

ಇಲ್ಲೊಂದು ತೊಡಕಿದೆ. ಭೌಗೋಳಿಕ ಸೂಚಕ ಒಂದು ಪ್ರದೇಶಕ್ಕೆ ಕಟ್ಟುಬಿದ್ದ ಹಕ್ಕು. ಊರಿಂದೂರಿಗೆ ಅಲೆದವರ ಹೊಲಿಗೆ ಈಗ ಒಂದು ಊರಿನ ಹೆಸರಿನಲ್ಲಿ ನೋಂದಣಿಯಾಗಿದೆ. ಚಿಂಚೋಳಿಯ ಹೆಂಗಸು ಅದೇ ಕಿಲನ್, ಅದೇ ವೇಲೆ ಹಾಕಿದರೂ ಆ ಹೆಸರಿನಲ್ಲಿ ಮಾರುವಂತಿಲ್ಲ.

ಚಿಂಚೋಳಿಯ ಲೆಕ್ಕ

ಈ ಸೀಮೆಗೆ ಗಡಿಗಳ ಕಾಟ ಹೊಸದಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಪರಿಶಿಷ್ಟರ ಪಟ್ಟಿಗಳನ್ನು ಬದಲಿಸಿದ 1976ರ ತಿದ್ದುಪಡಿ ಕಾಯ್ದೆಯ ತರುವಾಯ ಲಮಾಣಿಗಳು ಈಚೆ ಪರಿಶಿಷ್ಟ ಜಾತಿ, ಆಚೆ ಪರಿಶಿಷ್ಟ ಪಂಗಡ. ಹೆಣ್ಣು ಕೊಟ್ಟು ತಂದ ಸಂಬಂಧಗಳು ಗಡಿ ದಾಟಿದರೂ ಸರ್ಕಾರಿ ಸೌಲಭ್ಯ ದಾಟಲಿಲ್ಲ. ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲೇ ಇರಲಿಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50,000 ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಕೂತಲ್ಲೇ ದುಡಿಯಬೇಕೆಂದರೆ ಮೊದಲು ಕೂರುವ ಜಾಗ ತನ್ನದಾಗಬೇಕು. ಆ ದೃಷ್ಟಿಯಿಂದ ಈ ಕಾಗದಕ್ಕೆ ಬೆಲೆಯಿದೆ.

ಆದರೆ ಬೇಸಿಗೆಯ ಗುಳೆ ಹಾಗೇ ಉಳಿದಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾದ ಮೇಲೆ ಮಳೆ ಆಶ್ರಿತ ಹೊಲದಲ್ಲಿ ಕೆಲಸವಿರುವುದಿಲ್ಲ. ಆಗ ತಾಂಡಾದ ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಕಸೂತಿಗೆ ಬಿಡುವಿರುವುದು ಈ ತಿಂಗಳುಗಳಲ್ಲೇ; ತಾಂಡಾ ಖಾಲಿಯಾಗುವುದೂ ಆಗಲೇ. ಕಟ್ಟಡದ ಕೂಲಿಗೆ ಸರಿದೂಗುವಷ್ಟು ದುಡ್ಡನ್ನು ಸೂಜಿ ತಂದರೆ ಮಾತ್ರ ಹೆಂಗಸು ಊರಲ್ಲಿ ಉಳಿಯುತ್ತಾಳೆ, ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ಹೊಲಿದ ಒಂದೊಂದು ವಸ್ತುವಿಗೆ ಇಷ್ಟೆಂಬ ನಗಲೆಕ್ಕದ ಕೂಲಿ ಇದಕ್ಕೆ ಸಾಲುವುದು ಕಷ್ಟ. ರೊಟ್ಟಿ ಬಡಿದು, ನೀರು ತಂದು ಉಳಿದ ಹೊತ್ತಿನ ಕೆಲಸವೆಂಬ ನೆಪದಲ್ಲಿ ಅದು ತಾಸುಗಳನ್ನು ಮರೆಮಾಡುತ್ತದೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಮಾದರಿ ಬೆಳೆದಿದೆ. ಸ್ವಸಹಾಯ ಸಂಘಗಳ ಮಹಿಳೆಯರ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುವ ಸಂಗತಿ 2025ರ ಜೂನ್‌ನ ಪ್ರಧಾನಿಯವರ ‘ಮನ್ ಕಿ ಬಾತ್’ ಬಾನುಲಿ ಕಾರ್ಯಕ್ರಮದಲ್ಲಿ ಪ್ರಸ್ತಾಪವಾಯಿತು. ಇವತ್ತು ರೊಟ್ಟಿ ತಿಂದವನು ನಾಳೆ ಮತ್ತೆ ಕೊಳ್ಳುತ್ತಾನೆ. ಕಸೂತಿಯ ಚೀಲ ಕೊಂಡವನು ವರ್ಷಗಟ್ಟಲೆ ಬರುವುದಿಲ್ಲ. ರೊಟ್ಟಿಗೆ ಎಷ್ಟು ಜೋಳ, ಎಷ್ಟು ಕಟ್ಟಿಗೆ, ಎಷ್ಟು ಹೊತ್ತು ಎಂಬ ಲೆಕ್ಕ ಬಡಿಯುವವಳಿಗೇ ಗೊತ್ತು. ಕಸೂತಿಯ ಬೆಲೆ ಮಾತ್ರ ಬೆಂಗಳೂರಿನ ಅಂಗಡಿಯಲ್ಲಿ ನಿರ್ಧಾರವಾಗುತ್ತದೆ.

ಉಪಸಂಹಾರ

ರೈಲು ಬಂದದ್ದು, ರಾಜ್ಯದ ಗಡಿ ಎಳೆದದ್ದು, ಭೌಗೋಳಿಕ ಸೂಚಕ ಸಿಕ್ಕಿದ್ದು ಇವುಗಳಲ್ಲಿ ಯಾವುದನ್ನೂ ತಾಂಡಾದ ಹೆಂಗಸರನ್ನು ಕೇಳಿ ಮಾಡಲಿಲ್ಲ. ಆದ್ದರಿಂದ ಚಿಂಚೋಳಿಗೆ ಸಂಡೂರಿನ ನಕಲು ತಂದರೆ ಸಾಲದು. ತಾಂಡಾಗಳೇ ಸೇರಿ ಕಟ್ಟಿದ ಉತ್ಪಾದಕರ ಸಂಘ, ಬೇಸಿಗೆಗೆ ಮೊದಲೇ ಕೈಸೇರುವ ಆರ್ಡರು ಮತ್ತು ಮುಂಗಡ, ತಾಸಿನ ಲೆಕ್ಕದಲ್ಲಿ ನಿಗದಿಯಾದ ಕೂಲಿ ಇವು ಇದ್ದರೆ ಕಸೂತಿ ಜೀವನೋಪಾಯವಾದೀತು. ಇಲ್ಲವಾದರೆ ಅದು ವೇದಿಕೆಯ ಮೇಲಿನ ವೇಷಭೂಷಣವಾಗಿಯೇ ಉಳಿಯುತ್ತದೆ. ಅದನ್ನು ಹೊಲಿದವಳು ಫೆಬ್ರುವರಿಯಲ್ಲಿ ಮುಂಬೈಗೆ ಗಂಟು ಕಟ್ಟುತ್ತಾಳೆ.