ಅಮೈನೊ ಆಮ್ಲದ ಬಾಟಲಿ ಕೊಳ್ಳುವ ಮುನ್ನ

ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವು ಬೆಳೆಯುವ ಸದಸ್ಯರ ಗಮನಕ್ಕೆ. ಮಣ್ಣಿಗೆ ಹಾಕಿದ ಅಮೈನೊ ಆಮ್ಲದ ಬಹುಪಾಲು ಬೇರಿಗಿಂತ ಮೊದಲು ಸೂಕ್ಷ್ಮಜೀವಿಗಳ ಪಾಲಾಗುತ್ತದೆ.

ಗ್ಲೈಸಿನ್ ಬಿಟ್ಟು ಉಳಿದ ಅಮೈನೊ ಆಮ್ಲಗಳಿಗೆ ಎಡಗೈ-ಬಲಗೈಯಂತೆ ಎರಡು ರೂಪಗಳಿವೆ: ಎಲ್ ಮತ್ತು ಡಿ. ಸಸ್ಯ, ಪ್ರಾಣಿಗಳ ಪ್ರೋಟೀನಿನಲ್ಲಿರುವುದು ಎಲ್. ಸೂಕ್ಷ್ಮಜೀವಿಗಳು ಇದನ್ನು ಕೆಲವೇ ಗಂಟೆಗಳಲ್ಲಿ ಹೀರಿ, ಒಂದಿಷ್ಟನ್ನು ಮೈಗೂಡಿಸಿಕೊಂಡು, ಮಿಕ್ಕ ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಮಣ್ಣಿಗೆ ಬಿಡುತ್ತವೆ. ಡಿ ರೂಪ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಸಿಗುತ್ತದೆ. ಅದನ್ನೂ ಅವು ಬಳಸುತ್ತವೆ, ಆದರೆ ಸಾಮಾನ್ಯವಾಗಿ ನಿಧಾನವಾಗಿ.

ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಒಡೆದರೆ ಎಲ್‌ನ ಒಂದು ಪಾಲು ಡಿ ಆಗಿ ಬದಲಾಗುತ್ತದೆ. ಕಿಣ್ವದಿಂದ ಒಡೆದರೆ ಎಲ್ ಹಾಗೆಯೇ ಉಳಿಯುತ್ತದೆ. 2021ರಿಂದ ಇಂಥ ಉತ್ಪನ್ನಗಳು ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. ಲೇಬಲ್ ಓದಿ, ತಯಾರಿಕೆಯ ವಿಧಾನ ಕೇಳಿ, ರಸೀದಿ ಪಡೆಯಿರಿ. ಬಾಟಲಿ ನಂಬಿ ಕೊಟ್ಟಿಗೆ ಗೊಬ್ಬರ ಬಿಡಬೇಡಿ.

– ಕಾರ್ಯದರ್ಶಿ