ನಿಲ್ದಾಣದ ನೆಲೆ: ಪಶ್ಚಿಮ ಬೆಂಗಳೂರಿನ ಒಂದು ಸ್ಥಳಸಮೀಕ್ಷೆ

ಪಶ್ಚಿಮ ಬೆಂಗಳೂರಿನ ನಕ್ಷೆಯನ್ನು ಹರಡಿಕೊಂಡು ನೋಡತಕ್ಕವರಿಗೆ ಮೊದಲು ಕಣ್ಣಿಗೆ ಬೀಳುವುದು ಹಳೆಯ ಎರಡು ರೈಲುಹಾದಿಗಳು. ನಗರದ ದೊಡ್ಡ ನಿಲ್ದಾಣದಿಂದ ಹೊರಟು ನೈಋತ್ಯಾಭಿಮುಖವಾಗಿ ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಮೈಸೂರಿಗೆ ಹೋಗುವುದೊಂದು. ವಾಯವ್ಯಾಭಿಮುಖವಾಗಿ ಮಲ್ಲೇಶ್ವರ, ಯಶವಂತಪುರಗಳನ್ನು ಹಾದು ತುಮಕೂರಿಗೆ ಹೋಗುವುದಿನ್ನೊಂದು. ಬಿಚ್ಚಿದ ಬೀಸಣಿಗೆಯ ಎರಡು ಅಂಚುಕಡ್ಡಿಗಳಂತಿರುವ ಈ ಹಾದಿಗಳ ನಡುವಣ ಮಡಿಕೆಗಳಲ್ಲಿ ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರಗಳು ಒಂದನ್ನೊಂದು ಒತ್ತಿಕೊಂಡು ಬೆಳೆದಿವೆ. ಮಾಗಡಿ ರಸ್ತೆಯು ಬೀಸಣಿಗೆಯ ನಡುಗಡ್ಡಿಯಂತೆ ಇವುಗಳ ಮಧ್ಯೆ ಹಾದುಹೋಗಿದೆ. ಎರಡು ಅಂಚಿಗೂ ರೈಲು ಬಂದು ಒಂದು ಶತಮಾನವೇ ಕಳೆದಿದ್ದರೂ ನಡುಗಡ್ಡಿಗೆ ಅದು ಏಕೆ ಬರಲಿಲ್ಲ, ಈಗ ಬರುವುದಾದರೆ ಎಲ್ಲೆಲ್ಲಿ ನಿಲ್ಲಬೇಕು, ಇಂಥ ಪ್ರಶ್ನೆಗಳಿಗೆ ನಮ್ಮವರು ಕಾಲಕಾಲಕ್ಕೆ ಯಾವ ಅಳತೆಗೋಲು ಹಿಡಿದು ಉತ್ತರವನ್ನು ಹುಡುಕಿದರು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಅಳತೆಗೋಲು ಹಳಿಯದೇ ಆಗಿತ್ತು. ಮದರಾಸಿನ ಕಡೆಯಿಂದ 1864ರಲ್ಲಿ ದಂಡುಪ್ರದೇಶಕ್ಕೆ ಬಂದು ನಿಂತಿದ್ದ ರೈಲು, 1882ರ ಹೊತ್ತಿಗೆ ಮೈಸೂರನ್ನೂ 1884ರಲ್ಲಿ ತುಮಕೂರನ್ನೂ ಮುಟ್ಟಿತು. ಮಹಾಕ್ಷಾಮದಿಂದ ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಸಂಸ್ಥಾನಕ್ಕೆ ರೈಲೆಂದರೆ ಧಾನ್ಯ ಸಾಗಿಸುವ ಸಾಧನ. ಊರೊಳಗಿನ ಜನರನ್ನು ಮನೆಯಿಂದ ಕಚೇರಿಗೆ ಒಯ್ಯುವ ವಾಹನವೆಂಬ ಕಲ್ಪನೆಯೇ ಅಂದು ಹುಟ್ಟಿರಲಿಲ್ಲ. ನೆಲದ ಏರಿಳಿತವೆಷ್ಟು, ಎಂಜಿನ್ನಿಗೆ ನೀರು ಎಲ್ಲಿ ಸಿಕ್ಕೀತು, ಅಗ್ಗದ ಭೂಮಿ ಎಲ್ಲಿದೆ, ಇವುಗಳನ್ನು ನೋಡಿ ಹಳಿ ಎಳೆದಮೇಲೆ, ಅದರ ಮಗ್ಗುಲಿಗಿದ್ದ ಊರಿಗೆ ಒಂದು ನಿಲ್ದಾಣ ದೊರೆಯುತ್ತಿತ್ತು. ಊರಿಗಾಗಿ ಹಳಿ ಬಾಗುವುದು ಅಪೂರ್ವ. ಈ ಸ್ವಭಾವ ನಮ್ಮದೊಂದೇ ಅಲ್ಲ. ಲಂಡನ್ನಿನಲ್ಲಿ 1846ರ ರಾಜ ಆಯೋಗವು ನಗರದ ಒಡಲೊಳಕ್ಕೆ ರೈಲುಗಳು ನುಗ್ಗಬಾರದೆಂದು ಸಲಹೆ ಮಾಡಿದ್ದರಿಂದ ದೊಡ್ಡ ನಿಲ್ದಾಣಗಳು ಊರಂಚಿನಲ್ಲಿಯೇ ಸಾಲುಗಟ್ಟಿ ನಿಂತವು. ಆ ಅಂಚಿನ ನಿಲ್ದಾಣಗಳನ್ನು ನಗರದ ಒಡಲಿಗೆ ಜೋಡಿಸುವ ಸಲುವಾಗಿ 1863ರಲ್ಲಿ ಜಗತ್ತಿನ ಮೊತ್ತಮೊದಲ ಸುರಂಗರೈಲು ಹುಟ್ಟಿತು. ನಿಲ್ದಾಣವನ್ನು ಜನರಿಂದ ದೂರದಲ್ಲಿ ಇಟ್ಟ ತಪ್ಪನ್ನು ಮತ್ತೊಂದು ರೈಲನ್ನು ಕಟ್ಟಿ ತಿದ್ದಿಕೊಂಡ ಪ್ರಥಮ ಉದಾಹರಣೆ ಪ್ರಾಯಶಃ ಇದೇ.

ತರುವಾಯ ಬಂದದ್ದು ಬಡಾವಣೆಗಳ ಯುಗ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯೂ, ಅದರ ಉತ್ತರಾಧಿಕಾರಿಯಾಗಿ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಪಶ್ಚಿಮದ ಹೊಲಗದ್ದೆಗಳನ್ನು ಬ್ಲಾಕು, ಹಂತ, ಕ್ರಾಸು, ಮೇನು ಎಂದು ಗೆರೆಕೊಯ್ದು ಹಂಚಿದವು. ರಾಜಾಜಿಯವರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಮನೆಗಳ ಜೊತೆಗೆ ಕಾರ್ಖಾನೆಗಳಿಗೂ ಜಾಗವಿತ್ತು. ಸರಕಾರದ ಗಂಧದ ಸಾಬೂನಿನ ಕಾರ್ಖಾನೆ 1957ರಲ್ಲಿ ಅಲ್ಲಿಗೆ ಬಂದಿತು. ಆ ನಕ್ಷೆಗಳಲ್ಲಿ ಉದ್ಯಾನಕ್ಕೆ, ಶಾಲೆಗೆ, ಮಾರುಕಟ್ಟೆಗೆ ಸ್ಥಳ ಕಾದಿರಿಸಿದ್ದರು. ರೈಲಿಗೆ ಮಾತ್ರ ಕಾದಿರಿಸಲಿಲ್ಲ. ಬಸ್ಸು ಎಲ್ಲಿ ಬೇಕಾದರೂ ನಿಲ್ಲಬಲ್ಲದಾದ್ದರಿಂದ ನಿಲ್ಲುವ ಸ್ಥಳವನ್ನು ಕುರಿತು ಚಿಂತಿಸುವ ಅಗತ್ಯ ಅವರಿಗೆ ಕಾಣಲಿಲ್ಲವೆಂದೇ ತೋರುತ್ತದೆ.

ಆ ಚಿಂತನೆಗೆ ಮೊದಲ ಬಾರಿಗೆ ಶಾಸ್ತ್ರೀಯ ರೂಪ ಬಂದದ್ದು, ರಾಜ್ಯ ಸರಕಾರದ ಕೋರಿಕೆಯ ಮೇರೆಗೆ ದಕ್ಷಿಣ ರೈಲ್ವೆಯ ತಜ್ಞರ ತಂಡವೊಂದು 1983ರಲ್ಲಿ ಸಲ್ಲಿಸಿದ ವರದಿಯಲ್ಲಿ. ಅದು ಸೂಚಿಸಿದ ಎರಡು ಮೆಟ್ರೊ ಮಾರ್ಗಗಳಲ್ಲಿ ಒಂದರ ತುದಿ ರಾಜಾಜಿನಗರದಲ್ಲಿಯೂ ಮತ್ತೊಂದು ತುದಿ ಜಯನಗರದಲ್ಲಿಯೂ ಇದ್ದವು. ಕೆಂಗೇರಿಯ ಕಡೆಗೆ ಹಳೆಯ ಹಳಿಯ ಮೇಲೆಯೇ ಉಪನಗರ ರೈಲನ್ನು ಓಡಿಸಬಹುದೆಂದೂ ಅದು ಹೇಳಿತು. ಮನೆಗಳು ದಟ್ಟವಾಗಿರುವಲ್ಲಿ ರೈಲು ಆರಂಭವಾಗಬೇಕೆಂಬ, ಇಂದು ಸಹಜವೆನಿಸುವ, ಅಂದು ನವೀನವಾಗಿದ್ದ ತತ್ತ್ವ ಆ ಸೂಚನೆಯಲ್ಲಿದೆ. ವರದಿ ಕಡತದಲ್ಲಿ ಉಳಿಯಿತು. 1994ರಲ್ಲಿ ಎತ್ತರಿಸಿದ ಲಘುರೈಲಿಗೆಂದು ಒಂದು ಸಂಸ್ಥೆ ಹುಟ್ಟಿತಾದರೂ ಕಂಬವೊಂದೂ ಏಳಲಿಲ್ಲ. ದಿಲ್ಲಿಯಲ್ಲಿ 2002ರ ಡಿಸೆಂಬರಿನಲ್ಲಿ ಮೆಟ್ರೊ ಓಡತೊಡಗಿದ ಮೇಲೆ ಅಲ್ಲಿಯ ನಿಗಮವೇ 2003ರಲ್ಲಿ ಬೆಂಗಳೂರಿಗೆ ವಿವರವಾದ ಯೋಜನಾ ವರದಿಯನ್ನು ರಚಿಸಿಕೊಟ್ಟಿತು; 2006ರ ಜೂನ್ 24ರಂದು ಶಂಕುಸ್ಥಾಪನೆ ನಡೆಯಿತು.

ಮೊದಲ ಹಂತದಲ್ಲಿ ನಿಲ್ದಾಣಗಳ ಸ್ಥಳವನ್ನು ನಿರ್ಣಯಿಸಿದ ಅಳತೆಗೋಲು ರಸ್ತೆಯ ಅಗಲ. ಇದಕ್ಕೆ ಕಾರಣವುಂಟು. ಆರು ಬೋಗಿಗಳ ರೈಲು ನಿಲ್ಲಬೇಕಾದರೆ ನೂರಮೂವತ್ತು ಮೀಟರಿಗೂ ಉದ್ದವಾದ ಪ್ಲಾಟ್‌ಫಾರ್ಮ್ ಬೇಕು. ಅಷ್ಟು ದೂರವೂ ಹಳಿ ಆದಷ್ಟು ನೇರವಾಗಿಯೂ ಸಮತಟ್ಟಾಗಿಯೂ ಇರಬೇಕು, ಇಲ್ಲವಾದರೆ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು ಬೀಳುತ್ತದೆ. ಮಗ್ಗುಲಲ್ಲಿ ಮೆಟ್ಟಿಲು, ಎಸ್ಕಲೇಟರ್, ಲಿಫ್ಟು ಇಳಿಯಲು ನೆಲ ಬೇಕು. ಆ ನೆಲದ ಮೇಲೆ ಈಗಾಗಲೇ ಯಾರದೋ ಮನೆಯೋ ಅಂಗಡಿಯೋ ಇದ್ದೇ ಇರುತ್ತದೆ. ಪೂರ್ವದಲ್ಲಿ ಸಿ.ಎಂ.ಎಚ್. ರಸ್ತೆಯ ವರ್ತಕರು ಮಾರ್ಗವನ್ನು ಹಳೆ ಮದರಾಸು ರಸ್ತೆಗೆ ಸರಿಸಬೇಕೆಂದು ಹೋರಾಡಿದ್ದು ಇದೇ ಕಾರಣಕ್ಕಾಗಿ. ಆದಕಾರಣ ಎಂಜಿನಿಯರರ ದೃಷ್ಟಿ ಸಹಜವಾಗಿಯೇ ಅಗಲವಾದ ರಸ್ತೆಗಳ ಮೇಲೆ ಬಿದ್ದಿತು. ಪಶ್ಚಿಮದಲ್ಲಿ ಹಾಗೆ ಸಿಕ್ಕಿದ್ದು ಕಾರ್ಡ್ ರಸ್ತೆ.

ರೇಖಾಗಣಿತದಲ್ಲಿ ಕಾರ್ಡ್ ಎಂದರೆ ಜ್ಯಾ, ವೃತ್ತದ ಎರಡು ಬಿಂದುಗಳನ್ನು ನೆಟ್ಟಗೆ ಕೂಡಿಸುವ ಗೆರೆ. ಈ ರಸ್ತೆಯೂ ಮೈಸೂರು ರಸ್ತೆಗೂ ತುಮಕೂರು ರಸ್ತೆಗೂ ಬಿಗಿದ ಬಿಲ್ಲಿನ ಹೆದೆಯಂತೆ ತೋರುತ್ತದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ 9.9 ಕಿಲೋಮೀಟರಿನ ಹಸಿರು ಮಾರ್ಗ ತೆರೆದಾಗ, ಅದು ರಾಜಾಜಿನಗರ, ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿಗಳ ಕಡೆಯಲ್ಲಿ ಈ ಹೆದೆಯ ಉತ್ತರಭಾಗವನ್ನು ಹಿಡಿಯಿತು. 2015ರ ನವೆಂಬರ್ 16ರಂದು ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ 6.4 ಕಿಲೋಮೀಟರಿನ ನೇರಳೆ ಮಾರ್ಗ ತೆರೆದಾಗ, ಅದು ಟೋಲ್‌ಗೇಟಿನ ಬಳಿ ಎಡಕ್ಕೆ ಹೊರಳಿ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳಲ್ಲಿ ದಕ್ಷಿಣಭಾಗವನ್ನು ಹಿಡಿಯಿತು. ಹೆದೆಯ ಎರಡು ತುದಿಗೂ ರೈಲು ಬಂದಿತು. ನಟ್ಟನಡುವಿನ ಭಾಗ, ಅಂದರೆ ಶಿವನಗರ, ಮಂಜುನಾಥನಗರ, ಬಸವೇಶ್ವರನಗರಗಳಿಗೆ ಹೆಬ್ಬಾಗಿಲಾಗಿರುವ ಭಾಗ, ಬರಿದಾಗಿಯೇ ಉಳಿಯಿತು. ಎರಡು ಮಾರ್ಗಗಳೂ ಮೆಜೆಸ್ಟಿಕ್ಕಿನಲ್ಲಿ ಸಂಧಿಸಬೇಕೆಂಬುದು ಪೂರ್ವನಿಶ್ಚಿತವಾಗಿದ್ದುದರಿಂದ ಹೀಗಾಯಿತೇ ಹೊರತು ಯಾರ ಉಪೇಕ್ಷೆಯಿಂದಲೂ ಅಲ್ಲ. ಆದರೆ ಪರಿಣಾಮವನ್ನು ಅನುಭವಿಸತಕ್ಕವರಿಗೆ ಕಾರಣ ಯಾವುದಾದರೇನು?

ಆ ಪರಿಣಾಮವನ್ನು ಕಾಲಿನಿಂದಲೇ ಅಳೆಯೋಣವೆಂದು ಒಂದು ಸಂಜೆ ನಾನು ಬಸವೇಶ್ವರನಗರದ ಹಾವನೂರು ವೃತ್ತದಿಂದ ಹೊಸಹಳ್ಳಿಯ ನಿಲ್ದಾಣದವರೆಗೆ ನಡೆದುಹೋದೆ. ಕಾಲುದಾರಿಯ ಕಲ್ಲುಚಪ್ಪಡಿಗಳು ಕೆಲವು ಕಡೆ ಎದ್ದಿದ್ದವು, ಕೆಲವು ಕಡೆ ಕುಸಿದಿದ್ದವು. ಟ್ರಾನ್ಸ್‌ಫಾರ್ಮರು, ಬೈಕಿನ ಸಾಲು, ಸೊಪ್ಪಿನ ಗಾಡಿ ಎಲ್ಲವೂ ಅಲ್ಲಿಯೇ ನೆಲಸಿದ್ದುದರಿಂದ ದಾರಿಯ ಬಹುಭಾಗ ರಸ್ತೆಗಿಳಿದೇ ನಡೆಯಬೇಕಾಯಿತು. ಟೋಲ್‌ಗೇಟಿನಲ್ಲಿ ರಸ್ತೆ ದಾಟಲು ನಿಂತಾಗ ನನ್ನ ಪಕ್ಕದಲ್ಲಿದ್ದ ಒಬ್ಬ ವೃದ್ಧೆ, ಕೈಚೀಲವನ್ನು ಎದೆಗವಚಿಕೊಂಡು, "ಒಟ್ಟಿಗೆ ದಾಟೋಣ ಇರಪ್ಪ, ಒಬ್ಬಳೇ ಹೋದ್ರೆ ಯಾರೂ ನಿಲ್ಸಲ್ಲ" ಎಂದರು. ಇಬ್ಬರೂ ದಾಟಿ, ಮೆಟ್ಟಿಲು ಹತ್ತಿ, ಪ್ಲಾಟ್‌ಫಾರ್ಮನ್ನು ಸೇರುವ ಹೊತ್ತಿಗೆ ನಾನು ಹೊರಟು ಅರ್ಧ ಗಂಟೆಗೂ ಮೇಲಾಗಿತ್ತು. ಅಲ್ಲಿಂದ ಮೆಜೆಸ್ಟಿಕ್ಕಿಗೆ ರೈಲು ಹತ್ತು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಪ್ರಯಾಣದ ದೀರ್ಘಭಾಗವು ರೈಲಿನ ಹೊರಗೇ ನಡೆಯುತ್ತದೆಂಬ ಸತ್ಯವನ್ನು ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ನನಗೆ ತಿಳಿಸಿರಲಿಲ್ಲ.

ಮುಂದಿನ ಪಾಠ ಕೆಂಗೇರಿಯದು. 2021ರ ಆಗಸ್ಟ್ 29ರಂದು ನೇರಳೆ ಮಾರ್ಗ ಮೈಸೂರು ರಸ್ತೆಯಿಂದ 7.53 ಕಿಲೋಮೀಟರು ಮುಂದುವರಿದು ಕೆಂಗೇರಿಯನ್ನು ಮುಟ್ಟಿತು. 2023ರ ಅಕ್ಟೋಬರ್ 9ರಂದು ಚಲ್ಲಘಟ್ಟಕ್ಕೆ ಹೋಯಿತು. ಇಂದು ಕೆಂಗೇರಿಯೆಂಬ ಒಂದು ಹೆಸರಿನಡಿಯಲ್ಲಿ ಮೂರು ನಿಲ್ದಾಣಗಳಿವೆ. ಹಳಿಯ ಅನುಕೂಲವನ್ನು ನೋಡಿ ಹತ್ತೊಂಬತ್ತನೆಯ ಶತಮಾನ ಇಟ್ಟ ರೈಲುನಿಲ್ದಾಣ ಒಂದು. ಬಸ್ಸಿನಿಂದಿಳಿದವರು ರೈಲು ಹತ್ತಲಿ, ರೈಲಿನಿಂದಿಳಿದವರು ಬಸ್ಸು ಹತ್ತಲಿ ಎಂಬ ವಿವೇಕದಿಂದ ಬಸ್ ಟರ್ಮಿನಲ್ಲಿನ ಬಳಿ ಇಟ್ಟ ಮೆಟ್ರೊ ನಿಲ್ದಾಣ ಎರಡನೆಯದು. ಮಾರ್ಗ ಸಾಗುವ ಹೆದ್ದಾರಿಯನ್ನನುಸರಿಸಿ ಇಟ್ಟ ಕೆಂಗೇರಿ ಮೆಟ್ರೊ ನಿಲ್ದಾಣ ಮೂರನೆಯದು. ಮೂರು ಕಾಲಗಳ, ಮೂರು ತರ್ಕಗಳ ಸಾಕ್ಷಿಗಳು ಇವು. ಇವುಗಳಲ್ಲಿ ನಡುವಿನದೇ ಹೆಚ್ಚು ವಿವೇಕದ್ದೆಂದು ನನ್ನ ಮತ. ಏಕೆಂದರೆ ಜನರು ಮೊದಲೇ ಬಂದು ಸೇರುತ್ತಿದ್ದ ಜಾಗವನ್ನು ಅದು ಹುಡುಕಿಕೊಂಡು ಹೋಯಿತು. 2020ರಲ್ಲಿ ಕೇಂದ್ರದ ಮಂಜೂರಾತಿ ಪಡೆದ ಉಪನಗರ ರೈಲಿನ ನಾಲ್ಕು ಮಾರ್ಗಗಳಲ್ಲಿ ಪಾರಿಜಾತವೆಂಬುದು ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗತಕ್ಕದ್ದು; ಅದು ಕಾರ್ಯಗತವಾದಾಗ ಹಳೆಯ ಹಳಿಗೂ ಹೊಸ ಕಂಬಸಾಲಿಗೂ ನಡುವಿನ ಕಾಲುನಡಿಗೆಯೇ ದೊಡ್ಡ ಪ್ರಶ್ನೆಯಾಗಲಿದೆ.

ಸ್ಥಳಗಳನ್ನು ತೂಗುವ ಶಾಸ್ತ್ರವೂ ಈ ಮಧ್ಯೆ ಬೆಳೆದಿತ್ತು. ಲಂಡನ್ನಿನ ವಿಕ್ಟೋರಿಯಾ ಮಾರ್ಗವನ್ನು ಕುರಿತು ಫಾಸ್ಟರ್ ಮತ್ತು ಬೀಸ್ಲಿ ಎಂಬ ಅರ್ಥಶಾಸ್ತ್ರಜ್ಞರು 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಟಿಕೇಟಿನ ಆದಾಯವಷ್ಟನ್ನೇ ಎಣಿಸದೆ, ಉಳಿಯುವ ಸಮಯವನ್ನೂ ಆ ಮಾರ್ಗದಲ್ಲಿ ಕಾಲಿಡದವರಿಗೆ ರಸ್ತೆ ತೆರವಾಗುವುದರಿಂದ ಒದಗುವ ಲಾಭವನ್ನೂ ಲೆಕ್ಕಕ್ಕೆ ಹಿಡಿಯಿತು. ನಮ್ಮಲ್ಲಿ 2017ರ ರಾಷ್ಟ್ರೀಯ ಮೆಟ್ರೊ ರೈಲು ನೀತಿಯು ಪರ್ಯಾಯಗಳ ತುಲನೆಯನ್ನು ಕಡ್ಡಾಯ ಮಾಡಿತು. ನಿಲ್ದಾಣದ ಸುತ್ತ ಐದು ಕಿಲೋಮೀಟರಿನವರೆಗೆ ಸಂಪರ್ಕಸಾರಿಗೆಯ ವ್ಯವಸ್ಥೆಯನ್ನು ಯೋಜನೆಯಲ್ಲಿಯೇ ಸೇರಿಸಬೇಕೆಂದಿತು. ಹಳಿಯ ಅನುಕೂಲದಿಂದ ಜನಸಂಖ್ಯೆಗೆ, ಜನಸಂಖ್ಯೆಯಿಂದ ರಸ್ತೆಯ ಅಗಲಕ್ಕೆ, ರಸ್ತೆಯ ಅಗಲದಿಂದ ಸಂಪರ್ಕಕ್ಕೆ ಅಳತೆಗೋಲು ಬದಲಾದ ಕ್ರಮ ಇದು.

ಇನ್ನು ವರ್ತಮಾನಕ್ಕೆ ಬರೋಣ. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟವು 15,611 ಕೋಟಿ ರೂಪಾಯಿಗಳ ಮೂರನೆಯ ಹಂತಕ್ಕೆ ಒಪ್ಪಿಗೆಯಿತ್ತಿತು; 2025ರ ಆಗಸ್ಟ್ 10ರಂದು ಶಂಕುಸ್ಥಾಪನೆಯಾಯಿತು. ಜೆ.ಪಿ. ನಗರದಿಂದ ಪಶ್ಚಿಮದ ಹೊರವರ್ತುಲ ರಸ್ತೆಯನ್ನು ಹಿಡಿದು ಕೆಂಪಾಪುರಕ್ಕೆ 32.15 ಕಿಲೋಮೀಟರು, 22 ನಿಲ್ದಾಣ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯನ್ನು ಹಿಡಿದು ಕಡಬಗೆರೆಗೆ 12.5 ಕಿಲೋಮೀಟರು, 9 ನಿಲ್ದಾಣ. ಬೀಸಣಿಗೆಯ ನಡುಗಡ್ಡಿಗೆ ಕಡೆಗೂ ರೈಲು ಬರಲಿದೆ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ಹಸಿರು ಮಾರ್ಗದ ಆ ಮೊದಲ ಭಾಗದಲ್ಲಿ ಸರಾಸರಿ ಕಿಲೋಮೀಟರಿಗೊಂದು ನಿಲ್ದಾಣವಿದ್ದರೆ, ಮೂರನೆಯ ಹಂತದಲ್ಲಿ ಸುಮಾರು ಒಂದೂವರೆ ಕಿಲೋಮೀಟರಿಗೆ ಒಂದು. ನಿಲ್ದಾಣಗಳು ವಿರಳವಾದರೆ ರೈಲು ವೇಗವಾಗಿ ಓಡುತ್ತದೆ, ವೆಚ್ಚವೂ ಇಳಿಯುತ್ತದೆ, ನಿಜ. ಆದರೆ ಒಂದೊಂದರ ಸ್ಥಳನಿರ್ಣಯದ ಹೊಣೆ ಅಷ್ಟರಮಟ್ಟಿಗೆ ಭಾರವಾಗುತ್ತದೆ.

ಮಾಗಡಿ ರಸ್ತೆಯಲ್ಲಿ ಬಸವೇಶ್ವರನಗರದವರಿಗೆ ಒದಗುವ ಮೂರು ತಾಣಗಳನ್ನು ಒಟ್ಟಿಗಿಟ್ಟು ತೂಗಿ ನೋಡಬಹುದು. ಕೆ.ಎಚ್.ಬಿ. ಕಾಲೊನಿಯು ಮನೆಗಳ ಮಧ್ಯದ್ದು. ನಡೆದು ಬರುವವರ ಸಂಖ್ಯೆ ಹೆಚ್ಚು, ಒಳರಸ್ತೆಗಳಲ್ಲಿ ಮರದ ನೆರಳುಂಟು, ಆದರೆ ಮೆಟ್ಟಿಲಿಳಿಸಲು ಜಾಗ ಕಿರಿದು. ಕಾಮಾಕ್ಷಿಪಾಳ್ಯವು ಲೇತು, ಪ್ರೆಸ್ಸುಗಳ ಸಣ್ಣ ಸಣ್ಣ ಶೆಡ್ಡುಗಳ ಪ್ರದೇಶ; ಬೆಳಿಗ್ಗೆ ಅಲ್ಲಿಂದ ಹೊರಡುವವರಿಗಿಂತ ಅಲ್ಲಿಗೆ ದುಡಿಯಲು ಬರುವವರು ಕಡಿಮೆಯಲ್ಲವಾದ್ದರಿಂದ ರೈಲು ಎರಡು ದಿಕ್ಕಿಗೂ ತುಂಬಿ ಓಡೀತು, ಆದರೆ ಲಾರಿಗಳಿಗೂ ಕಂಬಗಳಿಗೂ ಒಂದೇ ರಸ್ತೆ ಸಾಲದು. ಸುಮನಹಳ್ಳಿಯು ಎರಡು ಹೊಸ ಮಾರ್ಗಗಳು ಸಂಧಿಸುವ ಸ್ಥಾನ. ನಕ್ಷೆಯ ಮೇಲೆ ಇದಕ್ಕೆ ಸಮಾನವಾದದ್ದಿಲ್ಲ. ಆದರೆ ಅಲ್ಲಿ ಹೊರವರ್ತುಲ ರಸ್ತೆ, ಮಾಗಡಿ ರಸ್ತೆ, ಮೇಲುಸೇತುವೆ ಮೂರೂ ಹೆಣೆದುಕೊಂಡಿರುವುದರಿಂದ, ಸುತ್ತಿನ ಮನೆಯಿಂದ ಹೊರಟವನು ನಿಲ್ದಾಣವನ್ನು ಕಣ್ಣಿನಿಂದ ಕಂಡರೂ ಕಾಲಿನಿಂದ ತಲುಪುವುದು ಸುಲಭವಲ್ಲ. ಗಾಡಿಯಿಂದ ಗಾಡಿಗೆ ದಾಟುವವರಿಗೆ ಉತ್ತಮವಾದ ತಾಣ ಮನೆಯಿಂದ ನಡೆದುಬರುವವರಿಗೆ ಅಧಮವಾಗಬಹುದು; ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಒಂದೇ ಅಂಕ ಕೊಡುವುದು ತುಲನೆಯಲ್ಲ.

ತಾಣಗಳು ಬಹುಮಟ್ಟಿಗೆ ನಿಶ್ಚಯವಾದಮೇಲೆ ಈ ವಿಚಾರವೇಕೆಂದು ಕೆಲವರು ಕೇಳಬಹುದು. ನಿಶ್ಚಯವಾಗಿರುವುದು ಕಂಬದ ಜಾಗ ಮಾತ್ರ; ಮೆಟ್ಟಿಲು ರಸ್ತೆಯ ಯಾವ ಮಗ್ಗುಲಿಗೆ ಇಳಿಯಬೇಕು, ಕಾಲುಸೇತುವೆ ಯಾವ ಅಡ್ಡರಸ್ತೆಯ ಬಾಯಿಗೆ ಮುಟ್ಟಬೇಕು, ಹಾವನೂರು ವೃತ್ತದಿಂದ ಹೊರಡುವ ಚಿಕ್ಕ ಬಸ್ಸು ಎಲ್ಲಿ ತಿರುಗಬೇಕು, ಇವೆಲ್ಲ ನಿರ್ಣಯವಾಗಬೇಕಾದವು. ನಿಲ್ದಾಣವೊಂದು ಎಲ್ಲಿದೆ ಎಂಬುದನ್ನು ನಿಜವಾಗಿ ನಿರ್ಣಯಿಸುವವು ಇವೇ. ಆ ವೃದ್ಧೆ ಟೋಲ್‌ಗೇಟಿನಲ್ಲಿ ಜೊತೆಗೊಬ್ಬರು ಸಿಗುವವರೆಗೆ ಕಾದು ನಿಂತಿದ್ದರಲ್ಲ, ಅವರ ಪಾಲಿಗೆ ಹೊಸಹಳ್ಳಿಯ ನಿಲ್ದಾಣ ಇದ್ದದ್ದು ರಸ್ತೆಯ ಆಚೆ ದಡದಲ್ಲಿ. ಹೊಸ ನಿಲ್ದಾಣಗಳ ನಕ್ಷೆಗೆ ರುಜು ಹಾಕುವ ಮುನ್ನ ಸಂಬಂಧಪಟ್ಟವರು ಒಂದೊಂದು ತಾಣಕ್ಕೂ ಸಂಜೆ ಆರು ಗಂಟೆಯ ಹೊತ್ತಿನಲ್ಲಿ, ಕೈಯಲ್ಲೊಂದು ಚೀಲ ಹಿಡಿದು, ಮನೆಯ ಬಾಗಿಲಿನಿಂದ ಪ್ಲಾಟ್‌ಫಾರ್ಮಿನ ಜಾಗದವರೆಗೆ ಒಮ್ಮೆ ನಡೆದುಬಂದರೆ, ಈ ಶಾಸ್ತ್ರಕ್ಕೆ ಇನ್ನೂ ಸೇರದಿರುವ ಅಳತೆಗೋಲೊಂದು ಅವರಿಗೆ ಸಿಕ್ಕೀತು.